ಯಾರ ಕೈ

ನಲ್ಲಿಯ ಕೆಳಗೆ ಎಷ್ಟು ಹೊತ್ತು ಉಜ್ಜಿದರೂ ಬಲಗೈ ನಡುಬೆರಳಿನ ಉಗುರಿನ ಬುಡದಲ್ಲಿ ನೀಲಿ ಗೆರೆಯೊಂದು ಉಳಿದೇ ಇತ್ತು. ಸಾಬೂನಿನ ಚೂರು ಜಾರಿ ತೊಟ್ಟಿಗೆ ಬಿತ್ತು. ಪಕ್ಕದಲ್ಲಿ ಲೋಟ ತೊಳೆಯುತ್ತಿದ್ದ ಗ್ರಂಥಾಲಯದ ಜವಾನ ಇಣುಕಿ ನೋಡಿ, “ಏನ್ ಮೇಡಂ, ವೋಟು ಹಾಕಿ ಬಂದ್ರಾ?” ಎಂದ. ಅವಳು ನಕ್ಕಳು. ನಕ್ಕಮೇಲೆ ಆ ನಗುವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾಗೇ ಹೊತ್ತುಕೊಂಡು ನಿಂತಳು. ಜವಾನ ತನ್ನ ಹೆಗಲ ಮೇಲಿದ್ದ ಟವೆಲಿನ ಒಣಗಿದ ತುದಿಯನ್ನು ಆರಿಸಿ ಅವಳ ಕಡೆ ಚಾಚಿದ. ಅವಳು ಒರೆಸಿಕೊಂಡಳು. ನಿನ್ನೆ ಸಂಜೆ ಅಡುಗೆಮನೆಯಲ್ಲಿ ದೀಪದ ಕೆಳಗೆ ನಿಂತು, ಅಪ್ಪನಿಗೆ ಕಾಣದ ಹಾಗೆ, ಅವನ ಪೆನ್ನಿನ ನಿಬ್ಬನ್ನು ತಾನೇ ಎಳೆದು ತಿರುಗಿಸಲು ನೋಡಿದ್ದಳು. ಒಂದು ಕೂದಲಿನಷ್ಟೂ ತಿರುಗಿರಲಿಲ್ಲ. ಬೆರಳಿಗೆ ಶಾಯಿ ಮೆತ್ತಿದ್ದಷ್ಟೇ ಲಾಭ. ಕದ್ದವರ ಕೈಗೆ ಬಣ್ಣ ಹತ್ತುವ ಹಾಗೆ ಏನೋ ಬಳಿದಿಟ್ಟಿರುತ್ತಾರಂತೆ ಕೆಲವು ಪೆಟ್ಟಿಗೆಗಳಿಗೆ, ಎಲ್ಲೋ ಓದಿದ್ದಳು. ಪುಸ್ತಕಗಳ ನಡುವೆ ಮೂವತ್ತು ವರ್ಷ ಕೆಲಸ ಮಾಡಿದರೆ ಎಲ್ಲವನ್ನೂ ಎಲ್ಲೋ ಓದಿರುತ್ತೇವೆ.

ಪೆನ್ನು ಈಗ ಸೋರುತ್ತಿರಲಿಲ್ಲ. ಸೋರುವುದನ್ನು ನಿಲ್ಲಿಸಿ ಅದು ಮೊನ್ನೆಯೇ ಅಂಗಡಿಯಿಂದ ಮನೆಗೆ ಬಂದಿತ್ತು. ಅಪ್ಪ ದಿಂಬಿಗೆ ಒರಗಿ ಕೂತು, ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಚ್ಚಳ ತಿರುಗಿಸಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿದ್ದ. ಆಮೇಲೆ ತೊಡೆಯ ಮೇಲಿನ ಹಲಗೆಯ ಮೇಲೆ ಕಾಗದದ ಚೂರು ಇಟ್ಟುಕೊಂಡು ಬರೆಯಲು ಹೋದ. ಕರ್ ಎಂದು ಸದ್ದಾಯಿತು. ಶಾಯಿ ಇಳಿಯಲಿಲ್ಲ. ಕೈಯನ್ನು ಸ್ವಲ್ಪ ವಾಲಿಸಿ ಮತ್ತೆ ಬರೆದ. ಕಾಗದ ಎದ್ದು ನಿಬ್ಬಿಗೆ ನಾರು ಸಿಕ್ಕಿಕೊಂಡಿತು. ಮೂರನೆಯ ಸಲ ಬರೆಯುವಾಗ ಅವನ ಕೈ ನಡುಗಲು ಶುರುವಾಗಿತ್ತು. ಅವಳು ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳನ್ನು ನೋಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿ, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ಮಾತ್ರೆಗಳ ಡಬ್ಬಿಯ ಹಿಂದೆ ಇಟ್ಟ. ತನ್ನ ಸಾಮಾನನ್ನು ಇಡುವವರ ಹಾಗೆ ಇಡಲಿಲ್ಲ. ಯಾರೋ ಬಂದವರು ಮರೆತು ಬಿಟ್ಟುಹೋದ ವಸ್ತುವನ್ನು ಎತ್ತಿಡುವ ಹಾಗೆ ಇಟ್ಟ.

ಎಂಟು ತಿಂಗಳ ಹಿಂದೆ ಗಂಟಲಿನ ಗಡ್ಡೆಯ ಜೊತೆ ಡಾಕ್ಟರು ಅಪ್ಪನ ದನಿಯನ್ನೂ ತೆಗೆದುಹಾಕಿದ್ದರು. ಈಗ ಅವನ ಉಸಿರು ಹೋಗಿ ಬರುವುದು ಕುತ್ತಿಗೆಯಲ್ಲಿ ಮಾಡಿದ ಒಂದು ತೂತಿನಿಂದ. ಅದರ ಮೇಲೆ ಸದಾ ಒಂದು ತೆಳ್ಳಗಿನ ಬಿಳಿ ಬಟ್ಟೆ ಇಳಿಬಿಟ್ಟಿರುತ್ತದೆ. ದಿನಕ್ಕೆ ಎರಡು ಸಲ ಅದನ್ನು ಬದಲಿಸುವವಳು ಅವಳೇ. ಮಾತೆಲ್ಲ ಪೆನ್ನಿನಲ್ಲಿ. ಬಾಲ್ ಪೆನ್ನು ಒತ್ತಿ ಹಿಡಿಯುವಷ್ಟು ಬೆರಳಿಗೆ ಬಲವಿಲ್ಲ, ಪೆನ್ಸಿಲ್ಲಿನದೂ ಅದೇ ಕತೆ. ಈ ಕಪ್ಪು ಪೆನ್ನಾದರೆ ಕಾಗದಕ್ಕೆ ತಾಗಿಸಿದರೆ ಸಾಕು, ತಾನೇ ಹರಿಯುತ್ತದೆ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸದಲ್ಲಿ ನಲವತ್ತು ವರ್ಷ ಅದೇ ಪೆನ್ನು, ಅದೇ ನಿಬ್ಬು. ಕರಡು ತಿದ್ದುವವನ ಮಾತು ಕರಡು ತಿದ್ದಿದ ಹಾಗೇ ಇರುತ್ತಿತ್ತು. “ಬಾಗಿಲು.” “ನೀರು ಬಿಸಿ.” “ದೀಪ ಆರಿಸಿಲ್ಲ.” “ನಿನ್ನೆಯ ಬಟ್ಟೆ.” ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಇಂಥ ನಾಲ್ಕೈದು ಚೂರು ಹಾಸಿಗೆಯ ಅಂಚಿನಲ್ಲಿ ಸಾಲಾಗಿ ಕಾದಿರುತ್ತಿದ್ದವು. ದನಿ ಇದ್ದಾಗ ಇಷ್ಟು ಮಾತಾಡಿದವನೇ ಅಲ್ಲ. ಹಗಲು ಹೊತ್ತು ಅಪ್ಪನನ್ನು ಆಗಾಗ ಬಂದು ನೋಡಿಹೋಗುವ ಕೆಳಗಿನ ಮನೆಯ ದರ್ಜಿಯ ಹೆಂಡತಿ ಒಮ್ಮೆ ಹಾಸಿಗೆಯ ಮೇಲಿನ ಶಾಯಿ ಕಲೆಗಳನ್ನು ನೋಡಿ, “ಏನಕ್ಕಾ, ನಿಮ್ಮಪ್ಪ ಬೆಡ್‌ಶೀಟ್ ಮೇಲೆ ಕಾದಂಬರಿ ಬರೀತಿದಾರಾ?” ಎಂದಿದ್ದಳು. ಹಾಗೆ ಹೇಳುತ್ತಲೇ ಆ ಬೆಡ್‌ಶೀಟು ಎಳೆದುಕೊಂಡು ಹೋಗಿ ನಿಂಬೆಹಣ್ಣು ಹಚ್ಚಿ ಒಗೆದು ತಂದಿದ್ದಳು.

ಕಲೆ ಬೀಳಲು ಶುರುವಾದಾಗಲೇ ರಿಪೇರಿಗೆ ಕೊಡಬಹುದಿತ್ತು. ಕೊಡಲಿಲ್ಲ. ಹದಿನೈದು ದಿನದ ಹಿಂದಿನ ಆ ಸಂಜೆ, ಗ್ರಂಥಾಲಯದಲ್ಲಿ ಪುಸ್ತಕಗಳ ತಪಾಸಣೆ ನಡೆದು ಬೆನ್ನು ಮುರಿದು ಬಂದಿದ್ದಳು. ಅಪ್ಪ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಕಿಟಕಿ ಹಾಕಬೇಕಿತ್ತು, ಹಾಕಿದಳು. ಮತ್ತೆ ತಟ್ಟಿದ. ಇನ್ನೊಂದು ದಿಂಬು. ಮತ್ತೆ ತಟ್ಟಿದ. ನಾಲ್ಕನೆಯ ಸಲ ತಟ್ಟಿದಾಗ ಅವಳು ಒಳಗೆ ಹೋಗಿ, ಏನು ಬರೆದಿದ್ದಾನೆಂದು ನೋಡದೆ, ಕಾಗದದ ಚೂರುಗಳ ಕಟ್ಟನ್ನೂ ಪೆನ್ನನ್ನೂ ಎತ್ತಿ ಬೀರುವಿನ ಮೇಲೆ ಇಟ್ಟಳು. “ಸ್ವಲ್ಪ ಹೊತ್ತು ಸುಮ್ನಿರಪ್ಪ” ಎಂದಳು. ದನಿ ಏರಿಸಲೂ ಇಲ್ಲ. ಮೆತ್ತಗೇ ಹೇಳಿದಳು. ಆ ಮೆತ್ತಗೆಯೇ ಈಗ ಅವಳನ್ನು ಹೆಚ್ಚು ಹಿಂಸಿಸುತ್ತಿತ್ತು. ಒಂದು ಗಂಟೆ ಮನೆ ಎಷ್ಟು ಶಾಂತವಾಗಿತ್ತೆಂದರೆ ಅವಳಿಗೆ ಕುರ್ಚಿಯಲ್ಲೇ ನಿದ್ದೆ ಹತ್ತಿತು. ಎಚ್ಚರವಾಗಿ ಎಲ್ಲವನ್ನೂ ತೆಗೆದುಕೊಟ್ಟಾಗ ಅಪ್ಪ ತೆಗೆದುಕೊಂಡ, ಏನೂ ಬರೆಯಲಿಲ್ಲ. ಮಾರನೆಯ ಬೆಳಿಗ್ಗೆ ಚೂರಿನ ಮೇಲಲ್ಲ, ಅಗಲದ ಹಾಳೆಯ ಮೇಲೆ ಅಣ್ಣನಿಗೆ ಕಾಗದ ಬರೆಯಲು ಕೂತ. ಬೇರೆ ಊರಿನಲ್ಲಿರುವ ಅಣ್ಣ ವರ್ಷಕ್ಕೆ ಎರಡು ಸಲ ಬಂದು, ಎರಡು ದಿನ ಇದ್ದು, “ನೀನಿದೀಯಲ್ಲ, ಅದೇ ಧೈರ್ಯ” ಎಂದು ಹೇಳಿ ಹೋಗುವವನು. ಕೆಲಸಕ್ಕೆ ಹೊರಡುವಾಗ ಅವಳು ಮಾತ್ರೆ ಕೊಡುವ ನೆಪದಲ್ಲಿ ಬಗ್ಗಿ ನೋಡಿದಳು. ಕ್ಷೇಮಸಮಾಚಾರದ ನಾಲ್ಕು ಸಾಲು. ಐದನೆಯ ಸಾಲು “ಇಲ್ಲಿ ನಿನ್ನ ತಂಗಿ” ಎಂದು ಶುರುವಾಗಿತ್ತು. ಅಲ್ಲಿಗೆ ಪೆನ್ನು ಕಕ್ಕಿಬಿಟ್ಟಿತ್ತು. ಅಂಗೈಯಷ್ಟು ದೊಡ್ಡ ನೀಲಿ ಮಚ್ಚೆ. ಅಪ್ಪ ಎರಡೂ ಕೈ ನೀಲಿ ಮಾಡಿಕೊಂಡು, ತಪ್ಪು ಮಾಡಿದ ಮಗುವಿನ ಹಾಗೆ ಅಂಗೈಗಳನ್ನು ಮೇಲೆ ಮಾಡಿ ಕೂತಿದ್ದ. ಅವಳು ಒರೆಸಿದಳು. ಹಾಳೆ ಎಸೆದಳು. ಪೆನ್ನನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ತನ್ನ ಎದೆಯಲ್ಲಿ ಆದದ್ದು ಬೇಸರವಲ್ಲ, ನಿರಾಳ ಎಂದು ತಿಳಿದಾಗ ಮೆಟ್ಟಿಲ ಕಂಬಿ ಹಿಡಿದುಕೊಂಡಳು.

ಪೆನ್ನು ರಿಪೇರಿಯ ಅಂಗಡಿ ಎರಡು ಬಟ್ಟೆ ಅಂಗಡಿಗಳ ನಡುವಿನ ಒಂದು ಸಂದು. ಬಾಗಿಲಗಲದ ಮೇಜು, ಅದರ ಹಿಂದೆ ಒಬ್ಬ ಮುದುಕ, ಕಣ್ಣಿಗೆ ಗಡಿಯಾರ ರಿಪೇರಿಯವರು ಹಾಕುವ ಭೂತಗಾಜು. ಮೊದಲ ದಿನ ಅವನು ಪೆನ್ನನ್ನು ಬಿಚ್ಚಿ, ಬೆಳಕಿಗೆ ಹಿಡಿದು, “ಕುತ್ತಿಗೇಲಿ ಸೋರ್ತಿದೆ” ಎಂದಾಗ ಅವಳು ಬೆಚ್ಚಿದ್ದಳು. “ತಿರುಪು ಸವೆದಿದೆ. ಮೇಣ ಹಾಕಿ ಬಿಗಿ ಮಾಡ್ತೀನಿ. ಒಂದು ಮಾತು ನೆನಪಿಡಿ, ಅರ್ಧ ಖಾಲಿ ಆಗೋಕ್ ಬಿಡ್ಬೇಡಿ. ಕೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯೀನ ಹೊರಗೆ ತಳ್ಳುತ್ತೆ. ಸೋರೋ ಪೆನ್ನು, ಗುಟ್ಟು ಸೋರೋ ಸ್ನೇಹಿತ, ಎರಡನ್ನೂ ಜೇಬಲ್ಲಿ ಇಟ್ಕೋಬಾರ್ದು ನೋಡಿ.” ಪೆನ್ನು ಅಂಗಡಿಯಲ್ಲಿದ್ದಷ್ಟು ದಿನ ಅಪ್ಪ ಕೈಸನ್ನೆಯಲ್ಲೇ ಎಲ್ಲ ನಡೆಸಿದ. ಮೊನ್ನೆ ತರಲು ಹೋದಾಗ ಮುದುಕ ಪೆನ್ನನ್ನು ತೊಳೆದು ತುಂಬಿಸಿ ಇಟ್ಟಿದ್ದ. ಆದರೆ ಕೊಡಲಿಲ್ಲ. ಒಂದು ಹಾಳೆ ಮುಂದೆ ತಳ್ಳಿ, “ಯಾರ ಕೈ ಇದು?” ಎಂದು ಕೇಳಿದ. ಅವಳಿಗೆ ಅರ್ಥವಾಗಲಿಲ್ಲ. “ಇದರಲ್ಲಿ ಬರೆಯೋರು ಯಾರು ಅಂತ. ಅವರು ಬಂದು ಎರಡು ಸಾಲು ಬರೀಬೇಕು. ಬಿಚ್ಚಿ ಕೂರಿಸಿದ ಮೇಲೆ ನಿಬ್ಬು ಅವರ ಕೈಗೆ ಹೊಂದುತ್ತೋ ಇಲ್ವೋ ನೋಡಿ, ಬೇಕಾದ್ರೆ ಚೂರು ಉಜ್ಜಿ ಕೊಡ್ತೀನಿ. ನಾನು ಹಾಗೇ ಕೊಡಲ್ಲ.”

ಅಪ್ಪನದು ಎಂದು ಹೇಳಲು ಎಷ್ಟು ಹೊತ್ತು ಬೇಕು. ಹೇಳಿದ್ದರೆ, ಯಾಕೆ ಬರಲಿಲ್ಲ ಎನ್ನುತ್ತಿದ್ದ. ಗಂಟಲು, ತೂತು, ಎಂಟು ತಿಂಗಳು, ಎಲ್ಲ ಹೇಳಬೇಕಾಗುತ್ತಿತ್ತು. ಆಮೇಲೆ ಆ ಮುಖ, ಎಲ್ಲರೂ ಮಾಡುವ ಆ “ಅಯ್ಯೋ ಪಾಪ” ಎನ್ನುವ ಮುಖ. ಇದು ಅವಳು ಆಮೇಲೆ ತನಗೆ ತಾನೇ ಕೊಟ್ಟುಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು. ಪೆನ್ನು ಮನೆಗೆ ಹೋದ ಕೂಡಲೇ ಅಪ್ಪ ಹೊಸ ಹಾಳೆ ತೆಗೆದುಕೊಳ್ಳುತ್ತಾನೆ, ಕ್ಷೇಮಸಮಾಚಾರ ಮುಗಿಸಿ ಐದನೆಯ ಸಾಲಿಗೆ ಬರುತ್ತಾನೆ. ಅದರ ಕೆಳಗೂ ಒಂದಿತ್ತು, ಅದು ಎಲ್ಲಕ್ಕಿಂತ ಸಣ್ಣದು, ಅದಕ್ಕೇ ಹೆಚ್ಚು ನಾಚಿಕೆಯದು: ಯಾರ ಕೈ ಎಂದು ಅವನು ಅಷ್ಟು ಮರ್ಯಾದೆಯಿಂದ ಕೇಳಿದ್ದ. ಅವಳ ಕೈ ಬಟ್ಟೆ ಹಿಂಡುತ್ತದೆ, ಮಾತ್ರೆ ಬಿಡಿಸುತ್ತದೆ, ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುತ್ತದೆ. ಅದು ಹೇಗೆ ವಾಲುತ್ತದೆ, ಅದಕ್ಕೆ ಏನು ಹೊಂದುತ್ತದೆ ಎಂದು ಯಾರಾದರೂ ಯಾವತ್ತಾದರೂ ವಿಚಾರಿಸಿದ್ದರೇ. “ನಂದೇ” ಎಂದಳು. ಪೆನ್ನು ತೆಗೆದುಕೊಂಡು “ಇದು ನನ್ನ ಪೆನ್ನು” ಎಂದು ಬರೆದಳು. ಮುದುಕ ಅಕ್ಷರವನ್ನಲ್ಲ, ಅವಳ ಮಣಿಕಟ್ಟನ್ನು ನೋಡುತ್ತಿದ್ದ. ನಿಬ್ಬಿನ ತುದಿಯನ್ನು ಗಾಜಿನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. “ಇದು ಎಡಕ್ಕೆ ಸವೆದಿದೆಯಲ್ಲಮ್ಮ. ನಿಮ್ಮ ಕೈ ಬಲಕ್ಕೆ ವಾಲುತ್ತೆ. ಸವೆಸಿದ ಕೈ ಬೇರೆ ಅನ್ಸುತ್ತೆ.” ಅದು ಅವನು ಕೊಟ್ಟ ಎರಡನೆಯ ಅವಕಾಶ. “ಹಳೇ ಪೆನ್ನು. ಬೇರೆಯವರ ಹತ್ರ ತಗೊಂಡಿದ್ದು” ಎಂದಳು. ಅವನು ಮೇಜಿನ ಖಾನೆ ಎಳೆದ. ಒಂದು ಸಣ್ಣ ನುಣುಪುಗಲ್ಲಿನ ಮೇಲೆ ನೀರಿನ ಹನಿ ಬಿಟ್ಟು, ನಿಬ್ಬನ್ನು ಎಂಟರ ಆಕಾರದಲ್ಲಿ ತಿರುಗಿಸುತ್ತ ಉಜ್ಜಿದ. ಮತ್ತೆ ಬರೆಸಿದ, ಮತ್ತೆ ಉಜ್ಜಿದ. ಕೊನೆಗೆ ಪೆನ್ನು ಅವಳ ಕೈಯಲ್ಲಿ ಎಣ್ಣೆಯ ಹಾಗೆ ಓಡಿತು. ಅವಳಿಗೆ ಎಷ್ಟು ಹಾಯೆನಿಸಿತೆಂದರೆ, ಹಾಳೆಯ ಅರ್ಧ ಸುಮ್ಮನೆ ಸುರುಳಿ ಸುತ್ತಿ ತುಂಬಿಸಿದಳು.

ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಪೆನ್ನನ್ನು ಬ್ಯಾಗಿನಲ್ಲಿಟ್ಟುಕೊಂಡು ಅದೇ ದಾರಿಯಲ್ಲಿ ನಡೆಯುವಾಗ ಹೇಳಬೇಕಾದ ವಾಕ್ಯವನ್ನು ಹತ್ತು ರೀತಿ ಜೋಡಿಸಿದಳು. ಹತ್ತರಲ್ಲೂ ಅವಳೇ ಪಾಪದವಳಾಗಿ ಕಾಣುವಂತೆ ಹೇಗೋ ಕೂಡಿಬರುತ್ತಿತ್ತು. ಅಂಗಡಿ ಮುಂದೆ ನಿಂತಾಗ ಜೋಡಿಸಿದ್ದೆಲ್ಲ ಮರೆತು, “ಇದು ನಮ್ಮಪ್ಪನದು. ಅವರಿಗೆ ಮಾತು ಬರಲ್ಲ, ಇದರಲ್ಲೇ ಎಲ್ಲ. ನಾನು ಸುಳ್ಳು ಹೇಳಿದ್ದೆ. ಈಗ ಅವರ ಕೈಲಿ ಬರೀತಾ ಇಲ್ಲ” ಎಂದಳು. ಮುದುಕ ಊಟದ ಡಬ್ಬಿ ಬಿಚ್ಚಿದ್ದವನು ಮುಚ್ಚಿದ. ಕೈ ಒರೆಸಿಕೊಂಡು ಗಾಜು ಹಾಕಿಕೊಂಡು ನಿಬ್ಬು ನೋಡಿದ. ಅವಳು ಕಾಯುತ್ತಿದ್ದ ಮುಖವನ್ನು ಅವನು ಮಾಡಲಿಲ್ಲ.

“ಉಜ್ಜಿದ್ದು ವಾಪಸ್ ಬರಲ್ಲಮ್ಮ.”

“ಏನೂ ಮಾಡಕ್ಕಾಗಲ್ವಾ?”

“ತುದೀಲಿ ಉಜ್ಜೋಕೆ ಇನ್ನೊಂದು ಚೂರು ಲೋಹ ಇದೆ. ಅದನ್ನ ಅವರ ಕಡೆಗೆ ತಿರುಗಿಸ್ಬಹುದು. ಒಂದೇ ಸಲ. ತಪ್ಪಿದ್ರೆ ಅಲ್ಲಿಗೆ ಮುಗೀತು. ಅವರನ್ನ ಕರ್ಕೊಂಡ್ ಬನ್ನಿ.”

“ಮೆಟ್ಟಿಲು ಇಳಿಯಕ್ಕಾಗಲ್ಲ ಅವರಿಗೆ.”

ಅವನು ಡಬ್ಬಿಯ ಕಡೆ ನೋಡಿದ, ರಸ್ತೆಯ ಕಡೆ ನೋಡಿದ. “ಎಷ್ಟು ಮೆಟ್ಟಿಲು?”

“ಇಪ್ಪತ್ತೆರಡು.”

“ನಂದೂ ಮಂಡಿ ನೋವು. ಸಂಜೆ ಬಂದು ನಿಲ್ಲಿ, ಒಟ್ಟಿಗೆ ಹೋಗೋಣ. ಹತ್ತನೇ ಮೆಟ್ಟಿಲಲ್ಲಿ ಕೂರಿಸಿ ನೀರು ಕೊಡ್ಬೇಕು ಅಷ್ಟೆ.”

ಅವನು ಹನ್ನೊಂದನೆಯ ಮೆಟ್ಟಿಲಲ್ಲಿ ಕೂತ. ಎದ್ದು ಮೇಲೆ ಬಂದು, ಅಪ್ಪನ ಹಾಸಿಗೆಯ ಪಕ್ಕ ಸ್ಟೂಲಿನ ಮೇಲಿದ್ದ ಮಾತ್ರೆಗಳನ್ನು ಕೇಳಿ ಸರಿಸಿ, ಕಲ್ಲು, ಗಾಜು, ನೀರಿನ ಬಟ್ಟಲು ಹರಡಿಕೊಂಡ. ಅಪ್ಪನಿಗೆ ಇವನು ಯಾರು ಎಂದು ಹೇಳುವ ಮೊದಲೇ ಅಪ್ಪನ ಕಣ್ಣು ಕಲ್ಲನ್ನು ಕಂಡು ಅರಳಿತ್ತು. ಮುದುಕ ಅಪ್ಪನಿಗೆ ಬರೆಯಲು ಹೇಳಿ, ನಡುಗುವ ಆ ಕೈಯ ಕೆಳಗೆ ತನ್ನ ಅಂಗೈ ಒಡ್ಡಿ ಅದರ ಭಾರ ನೋಡಿದ. “ನಡುಕ ಇದ್ರೂ ವಾಲೋದು ಬಿಟ್ಟಿಲ್ಲ ನೋಡಿ” ಎಂದ, ಯಾರದೋ ಮಗನನ್ನು ಹೊಗಳುವ ಹಾಗೆ. ಒಂದು ಗಂಟೆ ಉಜ್ಜಿದ. ಉಜ್ಜುವುದು ಕಡಿಮೆ, ನೋಡುವುದು ಹೆಚ್ಚು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಆ ಕೋಣೆಯಲ್ಲಿ ಕೇಳುತ್ತಿದ್ದದ್ದು ಕಲ್ಲಿನ ಮೇಲೆ ಲೋಹ ತಿರುಗುವ ಸಣ್ಣ ಸದ್ದು, ಮತ್ತು ಅಪ್ಪನ ಕುತ್ತಿಗೆಯ ಬಟ್ಟೆ ಏಳುವ ಬೀಳುವ ಸದ್ದು.

ಕೊನೆಗೆ ಅಪ್ಪ ಪೆನ್ನು ತೆಗೆದುಕೊಂಡ. ತಾಗಿಸಿದ. ಹರಿಯಿತು. ಮೊದಲಿಗಿಂತ ಸಪೂರ ಗೆರೆ, ಅಲ್ಲಲ್ಲಿ ಒಣಗುವ ಗೆರೆ, ಆದರೂ ಅವನ ಗೆರೆ. ಅವನು ತಲೆಯೆತ್ತದೆ ಬರೆದು ಚೂರನ್ನು ಮುದುಕನ ಕೈಗೆ ಕೊಟ್ಟ. ಮುದುಕ ಗಾಜಿನಲ್ಲೇ ಓದಿದ. ಅವಳು ನಿಂತಲ್ಲಿಂದಲೇ ಓದಿದಳು: “ನಲವತ್ತು ವರ್ಷದ ನಿಬ್ಬು. ಕೇಳದೆ ಯಾರ ಕೈಗೆ ಉಜ್ಜಿದಿರಿ? ಇದು ಕಸುಬೇ?”

“ತಪ್ಪಾಯ್ತು ಯಜಮಾನ್ರೇ” ಎಂದ ಮುದುಕ. “ವಯಸ್ಸಾಯ್ತು, ಕಣ್ಣು ಮೋಸ ಮಾಡ್ತು. ಕೇಳೋದು ಬಿಟ್ಟು ನನ್ನ ಕೈಗೇ ಹೊಂದಿಸ್ಬಿಟ್ಟೆ.” ಹೇಳುತ್ತ ಆ ಚೂರನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಅವಳ ಕಡೆ ತಿರುಗಲೂ ಇಲ್ಲ.

ಇಲ್ಲಿಗೆ ಮುಗಿಯಬಹುದಿತ್ತು. ಅವಳು ಅಡುಗೆಮನೆಗೆ ಹೋಗಿ ಟೀಗೆ ನೀರಿಡಬಹುದಿತ್ತು. ಹೆಜ್ಜೆಯನ್ನೂ ಎತ್ತಿದಳು. ಜೀವನವಿಡೀ ಬೇರೆಯವರ ಕೈ ನೋಡಿ ಬದುಕಿದ ಮುದುಕ, ತನ್ನ ಕಸುಬಿನ ಮೇಲೆ ತಾನೇ ಮಸಿ ಬಳಿದುಕೊಂಡು, ಕಲ್ಲನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಸುತ್ತುವ ಬೆರಳು ತುಂಬ ನಿಧಾನವಾಗಿತ್ತು. “ಅವರ ತಪ್ಪಲ್ಲ ಅಪ್ಪ” ಎಂದಳು. ತನ್ನ ದನಿ ತನಗೇ ಜೋರಾಗಿ ಕೇಳಿಸಿತು. “ಅವರು ಕೇಳಿದ್ರು. ಎರಡು ಸಲ ಕೇಳಿದ್ರು. ನಾನೇ ಬರೆಯೋದು ಅಂದೆ. ನನ್ನ ಕೈಗೆ ಉಜ್ಜಿಸ್ಕೊಂಡು ಬಂದೆ.”

ಅಪ್ಪ ಅವಳನ್ನು ನೋಡಿದ. ಅಚ್ಚಿಗೆ ಹೋಗುವ ಮೊದಲು ಹಾಳೆಯನ್ನು ಕೊನೆಯ ಸಲ ನೋಡುವ ಆ ನೋಟವನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಹಾಳೆಗೆ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಆಮೇಲೆ ಅವನು ಮುದುಕನ ಜೇಬಿನ ಕಡೆ ಕೈ ಚಾಚಿದ. ಚೂರನ್ನು ವಾಪಸು ಪಡೆದು, ಬಿಡಿಸಿ, ಬರೆದದ್ದಕ್ಕೆ ಅಡ್ಡಗೆರೆ ಹೊಡೆದು, ಅಂಚಿನಲ್ಲಿ ಬರೆದುಕೊಟ್ಟ: “ಕ್ಷಮಿಸಿ. ಚೆನ್ನಾಗಿ ಬರೆಯುತ್ತಿದೆ.” ಮುದುಕ ಅದನ್ನೂ ಜೇಬಿಗೆ ಹಾಕಿಕೊಂಡ. ಮೆಟ್ಟಿಲಿಳಿಯುವಾಗ ಅವಳು ಅವನ ತೋಳು ಹಿಡಿದುಕೊಂಡಳು. “ಯಾಕಮ್ಮ ಹೇಳಕ್ ಹೋದ್ರಿ” ಎಂದ ಅವನು, ಬೈದಂತೆ. “ನಾನು ಇವತ್ತು ಬಂದೆ, ನಾಳೆ ಅವರಿಗೆ ಮರೆತೇ ಹೋಗ್ತಿದ್ದೆ. ನೀವು ಇಲ್ಲೇ ಇರೋರು.”

ಮೇಲೆ ಬಂದಾಗ ಅಪ್ಪ ಅಗಲದ ಹಾಳೆ ತೆಗೆದುಕೊಂಡಿದ್ದ. ಅವಳು ಟೀ ಇಟ್ಟು ಹೊರಗೆ ಕೂತಳು. ಬೆಳಕು ಕಿಟಕಿಯ ಕೆಳಗಿನ ಸರಳಿಗೆ ಇಳಿಯುವವರೆಗೂ ಅವನು ಬರೆದ. ಒಂದು ಸಲವೂ ಹಲಗೆ ತಟ್ಟಲಿಲ್ಲ. ತಟ್ಟಲಿ ಎಂದು ಅವಳು ಕಾಯುತ್ತಿದ್ದಳು. ಟೀ ಆರಿತು ಎಂದಾದರೂ ಬರೆಯಬಹುದಿತ್ತು. ಆಮೇಲೆ ಒಂದೇ ಸಲ ತಟ್ಟಿದ. ಒಳಗೆ ಹೋದಳು. ಅಪ್ಪ ಹಾಳೆಯನ್ನು ಮಡಿಸದೆ ಅವಳ ಕೈಗೆ ಕೊಟ್ಟ. ಅಣ್ಣನ ಕಾಗದಗಳನ್ನು ಯಾವತ್ತೂ ತಾನೇ ಮಡಿಸಿ ಅಂಟಿಸುತ್ತಿದ್ದವನು. ಓದು ಎಂದು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಅವಳು ಓದಿದಳು. ಕೆಮ್ಮು ಕಡಿಮೆಯಾಗಿದೆ. ನಿದ್ದೆ ಪರವಾಗಿಲ್ಲ. ಪೆನ್ನು ಸೋರುತ್ತಿತ್ತು, ರಿಪೇರಿಯಾಯಿತು, ಇಲ್ಲೊಬ್ಬರು ಒಳ್ಳೆಯ ಕಸುಬುದಾರರಿದ್ದಾರೆ. ಬರುವಾಗ ಒಂದು ಬಾಟಲಿ ಶಾಯಿ ತಾ. ಅಷ್ಟೆ. ಐದನೆಯ ಸಾಲನ್ನು ಎರಡು ಸಲ ಹುಡುಕಿದಳು. ಹಾಳೆ ತಿರುಗಿಸಿ ನೋಡಿದಳು, ಹಿಂದೆ ಖಾಲಿ. ಅವಳ ಬಗ್ಗೆ ಒಂದು ಮಾತೂ ಇರಲಿಲ್ಲ. ದೂರಿರಲಿಲ್ಲ, ಬೀರುವಿರಲಿಲ್ಲ, ಅವಳಿದ್ದಾಳೆ ಎನ್ನುವುದೇ ಇರಲಿಲ್ಲ. ಹದಿನೈದು ದಿನ ಹೆದರಿದ್ದು ಇದಕ್ಕಲ್ಲ. ಇದಕ್ಕೆ ಹೇಗೆ ಹೆದರಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕಾಗದ ಮಡಿಸಲು ಹೋದಾಗ ಅಪ್ಪ ಅವಳ ಮಣಿಕಟ್ಟು ಹಿಡಿದ. ಸಹಿಯ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟಿದ್ದ. ಕಾಗದದ ವಿಷಯದಲ್ಲಿ ಅವನಷ್ಟು ಜಿಪುಣ ಇನ್ನೊಬ್ಬನಿಲ್ಲ; ಅಂಚು ಮುಟ್ಟುವವರೆಗೆ ಬರೆಯದೆ ಹಾಳೆ ಕೆಳಗಿಟ್ಟವನಲ್ಲ. ಆ ಜಾಗದ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಪೆನ್ನು ಅವಳ ಕಡೆ ಚಾಚಿದ.

ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. “ಅಣ್ಣಾ” ಎಂದು ಬರೆಯಲು ಹೋದರೆ ಕರ್ ಎಂದಿತು. ಮಣಿಕಟ್ಟನ್ನು ಎಡಕ್ಕೆ ತಿರುಗಿಸಿ, ಭುಜವನ್ನೇ ವಾಲಿಸಿ, ಅಪ್ಪ ಕೂರುವ ಹಾಗೆ ಕೂತಮೇಲೆ ಶಾಯಿ ಇಳಿಯಿತು. ಅಕ್ಷರ ಅವಳದಾಗಿರಲಿಲ್ಲ, ಅವನದೂ ಆಗಿರಲಿಲ್ಲ. “ಒಂದು ದಿನ ಅಪ್ಪನ ಕಾಗದ, ಪೆನ್ನು ಕಿತ್ತು ಬೀರುವಿನ ಮೇಲೆ ಇಟ್ಟೆ. ಒಂದು ಗಂಟೆ. ನನಗೆ ಸಾಕಾಗಿದೆ. ನೀನು ಬಂದು ಸ್ವಲ್ಪ ದಿನ ಇರು.” ಇನ್ನೂ ಬರೆಯಬಹುದಿತ್ತು, ಜಾಗ ಮುಗಿಯಿತು.

ಅಪ್ಪ ಹಾಳೆ ತೆಗೆದುಕೊಂಡು ಓದಿದ. ಶಾಯಿ ಇನ್ನೂ ಹಸಿಯಾಗಿತ್ತು. ಹಿಂದೆಲ್ಲ ಮಾಡುತ್ತಿದ್ದ ಹಾಗೆ ಅದನ್ನು ಊದಿ ಒಣಗಿಸಲು ತುಟಿ ಮುಂದೆ ಮಾಡಿದ. ತುಟಿಯಿಂದ ಏನೂ ಬರಲಿಲ್ಲ. ಕೆಳಗೆ, ಕುತ್ತಿಗೆಯ ಬಟ್ಟೆ ಮಾತ್ರ ಒಮ್ಮೆ ಎದ್ದು ಬಿತ್ತು. ಆಮೇಲೆ ಹಾಳೆಯನ್ನು ಗದ್ದದ ಕೆಳಗೆ ತಂದು, ಅವಳ ಸಾಲುಗಳು ಬಟ್ಟೆಗೆ ತಾಗದಷ್ಟು ಹತ್ತಿರ ಹಿಡಿದು, ಅಲ್ಲಿಂದ ಉಸಿರು ಬಿಡತೊಡಗಿದ.